ಮೂಲೆಯ ಆನೆ

ನನ್ನ ಅಂಗೈಯಲ್ಲಿ ಮರದ ಆನೆಯೊಂದಿತ್ತು, ಚದುರಂಗದ್ದು. ಮೊಮ್ಮಗಳು ಜಮಖಂಡಿಯ ಪಂದ್ಯ ಗೆದ್ದು ಬಂದವಳೇ ಡಬ್ಬಿಯಿಂದ ತೆಗೆದು ಇಟ್ಟಿದ್ದಳು.

"ಆಯಿ, ನೀ ಹೇಳಿಧಂಗ ಮೂಲ್ಯಾಗಿನ ಈ ಆನಿ ನಡುವ ತಂದೆ. ಅಲ್ಲಿಂದ ಆಟ ನಂದಾತು."

ಸಂತೋಷ ತಡೆಯಲಾರದೆ ಓಣಿಗೆಲ್ಲ ಸಕ್ಕರೆ ಹಂಚಿದೆ. ಹಂಚಿ ಬಂದು ಕುಳಿತಾಗ ಆ ಆನೆಯನ್ನು ನೋಡಿ ಹಳೆಯ ಸಿಟ್ಟು ಎದ್ದಿತು...

ನಾನು ಅವಳಿಗೆ ಹೇಳಿಕೊಟ್ಟ ಆ ಮಾತು ತವರೂರು ಬನಹಟ್ಟಿಯಲ್ಲಿ ನಮ್ಮ ಪಕ್ಕದ ಮನೆಯ ನೇಕಾರ ಕಾಕಾ ಹೇಳಿದ್ದು. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟ ನಾನು ಅವರಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದೆ. ಮಗ್ಗ ನಿಂತ ಹೊತ್ತಿನಲ್ಲಿ ಅವರು ಬಟ್ಟೆಯ ಪಟ ಹಾಸಿ ಆಟ ಕಲಿಸಿದರು. ನನಗೆ ಕಾಯಿ ಹೊಡೆಯುವ ಅವಸರ, ಅವರು ಕೈ ತಡೆಯುತ್ತಿದ್ದರು. ನೇಯುವ ಮುನ್ನ ಮಗ್ಗದ ಹಾಸುನೂಲಿನ ಮೇಲೆ ಬೆರಳಾಡಿಸಿ ಸಡಿಲ ಎಳೆ ಹುಡುಕುತ್ತಿದ್ದರಲ್ಲ, ಪಟವನ್ನೂ ಹಾಗೇ ನೋಡುತ್ತಿದ್ದರು.

"ಹೊಡ್ಯಾಕ ಏನೂ ಇಲ್ಲಂದ್ರ, ಸುಮ್ನ ಕುಂತ ಕಾಯಿ ಯಾವುದೈತಿ ನೋಡು. ಅದಕ್ಕ ಕೆಲಸ ಕೊಡು."

ಎರಡು ವರ್ಷದಲ್ಲಿ ಅವರನ್ನೇ ಸೋಲಿಸತೊಡಗಿದೆ. ಮುಧೋಳದಿಂದ ಹೆಸರುವಾಸಿ ಆಟಗಾರನೊಬ್ಬ ಬರುವವನಿದ್ದ. "ಅವನ ಮುಂದ ನೀನ ಕುಂಡ್ರಬೇಕು" ಎಂದಿದ್ದರು ಕಾಕಾ. ಆ ದಿನ ಹಬ್ಬಕ್ಕೆ ಹೊಲಿಸಿದ ಪರಕಾರ-ಪೋಲಕ ತೊಟ್ಟು ಹೋದೆ. ಅವರ ಮನೆಯ ಕಟ್ಟೆ ತುಂಬ ಗಂಡಸರು. ಕಾಕಾ ನನ್ನ ಮುಖ ನೋಡಲಿಲ್ಲ.

"ಒಳಗ ಹೋಗಿ ಕಂಡಿಕಿ ಸುತ್ತು, ಯವ್ವಾ" ಎಂದು ತಾವೇ ಅವನ ಮುಂದೆ ಕುಳಿತರು.

ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ಅರ್ಧ ಆಟಕ್ಕೇ ಕಾಕಾ ಸಿಕ್ಕಿಬಿದ್ದರು. ನೀರು ಕುಡಿಯುವ ನೆಪದಲ್ಲಿ ಒಳಗೆ ಬಂದು, ತಂಬಿಗೆ ಬಾಯಿಗೆ ಅಡ್ಡ ಹಿಡಿದು ಪಿಸುಗುಟ್ಟಿದರು.

"ಯಾವ ಕಾಯಿ ಬೇ?"

"ಮೂಲ್ಯಾಗಿನ ಆನಿ."

ಯಾಕೆ ಹೇಳಿದೆನೋ... ಆ ಸಿಟ್ಟು ನನ್ನ ಮೇಲೂ ಇದೆ. ಕಾಕಾ ಗೆದ್ದರು. ಮಂದಿ ಅವರ ತಲೆಯನ್ನು ಹೊಗಳಿದರು. ಅವರು ಮೀಸೆಯೊಳಗೆ ನಕ್ಕರೇ ಹೊರತು ಕಿಟಕಿಯ ಕಡೆ ಒಮ್ಮೆಯೂ ಕೈ ತೋರಿಸಲಿಲ್ಲ. ಮರುದಿನ ಏನೂ ಆಗದವರಂತೆ ಪಟ ಹಾಸಿ ಕರೆದರು. ನಾನು ಹೋಗಲಿಲ್ಲ. ಮುಂದೆ ಮದುವೆಯಾಗಿ ರಬಕವಿಗೆ ಬರುವತನಕ ಎಷ್ಟು ಸಲ ಕರೆದರೂ ಹೋಗಲಿಲ್ಲ.

ಪಟದ ಮೇಲೆ ಒಂದು ಕಾಯಿಯೂ ಸುಮ್ಮನೆ ಕೂರಬಾರದು ಎಂದವರು ನನ್ನನ್ನು ಯಾಕೆ ಒಳಗೆ ಕೂರಿಸಿದಿರಿ ಎಂದು ಎದುರಿಗೆ ನಿಂತು ಕೇಳಬೇಕಿತ್ತು. ಕೇಳಲಿಲ್ಲ. ಕಾಕಾ ತೀರಿಕೊಂಡು ಬಹಳ ವರ್ಷವಾಯಿತು.

ಮೊಮ್ಮಗಳು ಈಗ ನಮ್ಮ ಕಟ್ಟೆಯ ಮೇಲೆ, ಹೋಗಿಬರುವವರ ಕಣ್ಣೆದುರಿಗೇ ಕಾಯಿ ಜೋಡಿಸಿದ್ದಾಳೆ. "ಬಾ ಆಯಿ, ಆನಿ ತಗೊಂಡ ಬಾ" ಎಂದು ಕರೆಯುತ್ತಿದ್ದಾಳೆ. ಹೋಗಿ ಕೂರುತ್ತೇನೆ. ಕಿಟಕಿಯ ಒಳಗೆ ಕೂತು ನನ್ನ ಆಟ ನೋಡಲು ಕಾಕಾ ಒಬ್ಬರು ಇರಬೇಕಿತ್ತು.