ಅಣ್ಣನ ಲಿವರ್‌ಗೆ ನೆಂಟರ ಕಬ್ಬಿಣ

ಅತ್ತಿಗೆ ಕಬ್ಬಿಣದ ಸೌಟನ್ನು ಗ್ಯಾಸಿನ ಮೇಲೆ ಕೆಂಪಗೆ ಕಾಯಿಸಿ, ಚೊಂಯ್ ಅಂತ ಮಜ್ಜಿಗೆಯೊಳಗೆ ಅದ್ದಿದರು. ಆ ಮಜ್ಜಿಗೆ ಲೋಟಕ್ಕೆ ಬಿದ್ದು ನೇರ ನನ್ನಣ್ಣನ ಕೈಗೆ ಹೋಯಿತು.

'ಎಂತ ಅತ್ತಿಗೆ ಇದು?'

'ರಕ್ತ ಆಗ್ಲಿ ಅಂತ ಕಣೇ. ಆಸ್ಪತ್ರೆಯವ್ರು ತೆಗೀತಾನೇ ಇದಾರಲ್ಲ, ನಾವು ತುಂಬ್ಸೋದು ಬೇಡ್ವಾ?'

ನನಗೆ ಮೈಯೆಲ್ಲ ಉರಿದುಹೋಯಿತು.

ಹೊಸನಗರದಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿರುವ ಅಣ್ಣನಿಗೆ ಹೆಪಟೈಟಿಸ್ ಸಿ. ವರ್ಷಗಳಿಂದ ಸದ್ದಿಲ್ಲದೆ ಲಿವರ್‌ನಲ್ಲಿ ಬಿಡಾರ ಹೂಡಿದ್ದ ವೈರಸ್ಸು ಇದು. ಮಾತ್ರೆ ಶುರುವಾಗಿದೆ. ಜೊತೆಗೆ ಅವನ ಲಿವರ್‌ನಲ್ಲಿ ಕಬ್ಬಿಣದಂಶ ವಿಪರೀತ ಸೇರಿಕೊಂಡಿದೆ. ಮೊದಲೇ ಪೆಟ್ಟು ತಿಂದ ಲಿವರ್‌ಗೆ ಅದು ಇನ್ನಷ್ಟು ಪೆಟ್ಟು. ಹಾಗಾಗಿ ಆಗಾಗ ಸಾಗರಕ್ಕೆ ಬಂದು ಒಂದಿಷ್ಟು ರಕ್ತ ತೆಗೆಸಬೇಕು. ಹೊಸ ರಕ್ತ ಮಾಡಿಕೊಳ್ಳಲು ಮೈ ಆ ಕಬ್ಬಿಣವನ್ನೇ ಬಳಸುತ್ತದೆ, ದಾಸ್ತಾನು ಕರಗುತ್ತದೆ. 'ಎಲ್ಲರಿಗೂ ಮಾಡಲ್ಲ, ಇವರಿಗೆ ಬೇಕು' ಅಂದಿದ್ದರು ಡಾಕ್ಟರು. (ಅರ್ಥವಾಗದ್ದೇನಿದೆ ಇದರಲ್ಲಿ?)

ಆದರೆ ಈ ಸಲದ ರಿಪೋರ್ಟಿನಲ್ಲಿ ಕಬ್ಬಿಣ ಇಳಿದೇ ಇಲ್ಲ. 'ಹೀಗೇ ಆದ್ರೆ ಲಿವರ್ ಗಟ್ಟಿಯಾಗ್ತಾ ಹೋಗತ್ತೆ. ಮನೇಲಿ ಏನು ಕೊಡ್ತಿದಾರೆ ನೋಡಿ' ಅಂತ ಡಾಕ್ಟರು ಸಾಗರದಲ್ಲೇ ಇರುವ ನನಗೆ ಹೇಳಿದರು. ಹೊಸನಗರಕ್ಕೆ ಬಂದು ನೋಡಿದರೆ ಈ ಸೌಟು!

ಸೌಟೊಂದೇ ಆಗಿದ್ದರೆ ಕ್ಷಮಿಸಬಹುದಿತ್ತು. ಶೆಲ್ಫಿನ ತುಂಬ ಐರನ್ ಟಾನಿಕ್ ಬಾಟಲಿಗಳು. ನೋಡಲು ಬಂದವರೆಲ್ಲ ಒಂದೊಂದು ತಂದಿದ್ದಾರೆ. ಯಾವ ಕಾಯಿಲೆ ಅಂತ ಕೇಳಿದವರಿಲ್ಲ. ರಕ್ತ ತೆಗೀತಾರಂತೆ ಅನ್ನುವುದೊಂದೇ ಸಾಕಾಯಿತು, ಊರಿಗೆ ಊರೇ ಡಾಕ್ಟರಾಯಿತು.

ಅತ್ತಿಗೆಯ ಅಣ್ಣ ತೀರ್ಥಹಳ್ಳಿಯಿಂದ ಬಂದು ಸೋಫಾದಲ್ಲಿ ಕೂತಿದ್ದರು. ವಿಜ್ಞಾನದ ಮೇಷ್ಟ್ರಾಗಿ ರಿಟೈರ್ ಆದವರು. ಅತಿ ದೊಡ್ಡ ಬಾಟಲಿ ಅವರದ್ದೇ.

'ರಕ್ತ ಅಂದ್ರೆ ಎಂತ ಅಂತ ಮಾಡಿದೀಯ? ಜೀವ ಅದು. ಈ ಇಂಗ್ಲಿಷ್ ಡಾಕ್ಟ್ರುಗಳಿಗೆ ಎಂತ ಗೊತ್ತಾಗತ್ತೆ?' ಅಂದರು, ತಮ್ಮ ಶುಗರ್ ಮಾತ್ರೆ ನುಂಗಿ ನೀರು ಕುಡಿಯುತ್ತಾ.

ನಾನು ಅಣ್ಣನ ಕಡೆ ತಿರುಗಿದೆ. 'ಐರನ್ ಮುಟ್ಬೇಡಿ ಅಂತ ಡಾಕ್ಟ್ರು ನಿಂಗೇ ಹೇಳಿದ್ರಲ್ಲ?'

'ಹೇಳಿದ್ರು ಮಾರಾಯ್ತಿ. ಎಲ್ರೂ ಪ್ರೀತಿಯಿಂದ ತರ್ತಾರೆ. ಬೇಡ ಅಂದ್ರೆ ಬೇಜಾರ್ ಮಾಡ್ಕೋತಾರಲ್ಲ.'

ನೋಡಿ ನಮ್ಮ ದಾಕ್ಷಿಣ್ಯ! ಪ್ರಾಣ ಹೋದರೂ ಸರಿ, ಎದುರಿಗಿಟ್ಟ ಲೋಟ ವಾಪಸ್ ಹೋಗಕೂಡದು. ಕೊಡುವವರಿಗೆ ತಿಳಿವಳಿಕೆ ಬೇಡ, ಕುಡಿಯುವವನಿಗೆ ಬಾಯಿ ಬೇಡ. ಇದನ್ನು ಪ್ರೀತಿ ಅಂತ ಬೇರೆ ಕರೀತೀವಿ. ಅಣ್ಣ ಇಲ್ಲವಾಗಿಬಿಟ್ಟರೆ ಅನ್ನುವ ಭಯ ಆ ಮನೆಯಲ್ಲಿ ನನಗೊಬ್ಬಳಿಗೇ ಇದ್ದ ಹಾಗಿತ್ತು.

ಬಾಟಲಿಗಳನ್ನೆಲ್ಲ ಎತ್ತಿ ಸಿಂಕಿಗೆ ಸುರಿದೆ. ಮೇಷ್ಟ್ರು ಚಪ್ಪಲಿ ಮೆಟ್ಟಿ, 'ಇನ್ನು ಈ ಮನೆಗೆ ಬರಲ್ಲ' ಅಂತ ಹೊರಟೇಹೋದರು.

ಹೋಗಲಿ ಬಿಡಿ, ಅವರ ಸಿಟ್ಟು ಮುಂದಿನ ಹಬ್ಬ ಬರುವಷ್ಟರಲ್ಲಿ ಇಳಿಯುತ್ತದೆ. ಗಟ್ಟಿಯಾದ ಲಿವರನ್ನು ಮೆತ್ತಗೆ ಮಾಡಿಕೊಡಲು ಯಾವ ನೆಂಟ ಬರ್ತಾನೆ?