ಕಾಲ್ಮರಿ ಹೊರುವ ಮಾನವ್ವ ಮತ್ತು ಗುಡ್ಡದ ಮೇಲಿನ ಆನೆ

ಮೂಡಣ ಇನ್ನೂ ಸರಿಯಾಗಿ ಕೆಂಪೇರಿಲ್ಲ. ಒಂಟಿಗುಡ್ಡದ ಬುಡದಲ್ಲಿರುವ ಬೇವಿನ ಮರದ ಕೆಳಗೆ ಮಾನವ್ವ ಆಗಲೇ ಕಸ ಹೊಡೆದು, ನೀರು ಚಿಮುಕಿಸಿ, ಸೆರಗು ಸಿಕ್ಕಿಸಿಕೊಂಡು ನಿಂತಿದ್ದಾಳೆ. ನರಗುಂದದ ಕಡೆಯಿಂದ ರಾತ್ರಿಯಿಡೀ ನಡೆದು ಬಂದ ಚಕ್ಕಡಿಯೊಂದು ಮರದ ಹತ್ತಿರ ನಿಲ್ಲುತ್ತದೆ. ಕಂಬಳಿ ಹೊದ್ದವರು ಒಬ್ಬೊಬ್ಬರಾಗಿ ಇಳಿದು, ಬೆನ್ನು ನೆಟ್ಟಗೆ ಮಾಡಿಕೊಂಡು, ಬಾಯಿ ತೆರೆದು ಗುಡ್ಡ ನೋಡುತ್ತಾರೆ. ಮಾನವ್ವ ಮಾತ್ರ ಅವರ ಕಾಲಿನ ಚಪ್ಪಲಿ ನೋಡುತ್ತಾಳೆ.

"ಬರ್ರಿ, ಬರ್ರಿ. ಕಾಲ್ಮರಿ ಇಲ್ಲೇ ಬಿಡ್ರಿ. ಮ್ಯಾಲೆ ಬರಿಗಾಲಲೇ ಹತ್ತಬೇಕು. ನೀವು ಆ ಕಡೆ ಇಳಿಯೂದ್ರಾಗ ನಿಮ್ಮ ಕಾಲ್ಮರಿ ಅಲ್ಲಿ ಬಂದು ಕುಂತಿರ್ತಾವ."

ಗಜೇಂದ್ರಗಡದಿಂದ ಸೂಡಿಗೆ ಹೋಗುವ ಹಾದಿಯ ಈ ಗುಡ್ಡಕ್ಕೆ ಒಂದು ವಿಚಿತ್ರ ಕಟ್ಟಳೆಯಿದೆ. ಬಡಗಣ ಮೆಟ್ಟಿಲಿನಿಂದ ಹತ್ತಿದವರು ತೆಂಕಣ ಮೆಟ್ಟಿಲಿನಿಂದಲೇ ಇಳಿಯಬೇಕು. ಹತ್ತಿದ ದಾರಿಯಲ್ಲಿ ಹೊರಳಿ ಬರುವಂತಿಲ್ಲ. ದೇವರಿಗೆ ಬೆನ್ನು ತೋರಿಸಿದಂತಾಗುತ್ತದಂತೆ. ಕಟ್ಟಳೆ ಮಾಡಿದ ಹಿರಿಯರು ಕಾಲ್ಮರಿಯ ಗತಿಯೇನು ಎಂದು ಯೋಚಿಸಿದಂತಿಲ್ಲ. ಗಾಡಿಹಾದಿ ದೂರ ಸುತ್ತಿ ಬರುವುದರಿಂದ ಚಕ್ಕಡಿಗಳು ಅತ್ತ ಮುಟ್ಟುವುದು ತಡ. ಆ ಯೋಚನೆ ಮಾನವ್ವನ ಪಾಲಿಗೆ ಬಂದಿದೆ. ಒಂದು ಬಿದಿರಿನ ಗಳ, ಎರಡು ತುದಿಗೂ ಹಗ್ಗ. ಒಂದು ತುದಿಗೆ ಗಂಡಸರವು, ಇನ್ನೊಂದಕ್ಕೆ ಹೆಂಗಸರವು. ಗಳ ಹೆಗಲಿಗೇರಿಸಿ ಗುಡ್ಡವನ್ನು ಬಳಸಿ ನಡೆದರೆ, ಮೇಲಿನವರು ಪೂಜೆ ಮುಗಿಸಿ, ರೊಟ್ಟಿ ತಿಂದು, ನಾಲ್ಕು ದಿಕ್ಕು ನೋಡಿ ಇಳಿಯುವಷ್ಟರಲ್ಲಿ ಆಕೆ ಅತ್ತ ಮುಟ್ಟಿರುತ್ತಾಳೆ. ಬಿಸಿಲಿಗೆ ತೊಗಲು ಸುಡಬಾರದೆಂದು ಜೋಡಿಗಳನ್ನೆಲ್ಲ ಬಂಡೆಯ ನೆರಳಿಗೆ ಸಾಲಾಗಿ ಇಡುತ್ತಾಳೆ. ಸುಗ್ಗಿ ಮುಗಿದ ಮೇಲಿನ ಸೋಮವಾರಗಳಲ್ಲಿ ನಲವತ್ತು, ಐವತ್ತು ಜೋಡಿ ಆಗುವುದುಂಟು. ಅಂಥ ದಿನ ಎರಡು ಸುತ್ತು, ಕೆಲವೊಮ್ಮೆ ಮೂರು.

ಈಗೀಗ ಜನಕ್ಕೆ ಊರು ನೋಡುವ ಹುಚ್ಚು ಹತ್ತಿದೆ. ಈ ಐವತ್ತಾರನೆಯ ಇಸವಿಯಲ್ಲಂತೂ ಹತ್ತಿ ಮಾರಿ ಕೈ ಬಿಡುವಾದ ರೋಣ, ಹೊಳೆಆಲೂರಿನ ಮನೆಗಳೆಲ್ಲ ಚಕ್ಕಡಿ ಕಟ್ಟಿವೆಯೇನೋ ಅನ್ನಿಸುತ್ತದೆ. ಗಜೇಂದ್ರಗಡದ ಕೋಟೆ ನೋಡಿ, ಕಾಲಕಾಲೇಶ್ವರನ ಬಂಡೆಯಿಂದ ಒಸರುವ ನೀರು ತಲೆಗೆ ಹಾಕಿಕೊಂಡು, ಒಂಟಿಗುಡ್ಡ ಹತ್ತಿಳಿದು, ಸಂಜೆಗೆ ಸೂಡಿಯ ಜೋಡಿ ಶಿಖರದ ಗುಡಿ ಮತ್ತು ಮೆಟ್ಟಿಲ ಹೊಂಡ ಮುಟ್ಟುವುದು ವಾಡಿಕೆ. ಅಲ್ಲೆಲ್ಲ ಪೂಜಾರಿಗಳ ಹೆಸರು ಕೇಳುತ್ತಾರೆ, ಕಟ್ಟಿಸಿದ ರಾಜರ ಹೆಸರು ಕೇಳುತ್ತಾರೆ. ಕಾಲ್ಮರಿ ತಂದಿಟ್ಟವಳ ಹೆಸರನ್ನು ಕೇಳಿದವರು ಕಡಿಮೆ.

ಕೂಲಿಯೆಂದು ಆಕೆ ಬಾಯಿ ಬಿಟ್ಟು ಕೇಳುವುದಿಲ್ಲ. ಕೊಟ್ಟರೆ ಒಂದು ಬೊಗಸೆ ಜೋಳ. ಆದರೆ ಇನ್ನೊಂದು ಸುಂಕವಿದೆ, ಅದನ್ನು ಯಾರಿಗೂ ಬಿಟ್ಟವಳಲ್ಲ. ಇಳಿದು ಬಂದವರು ಮೇಲೆ ಕಂಡದ್ದರಲ್ಲಿ ಒಂದನ್ನು ಹೇಳಬೇಕು. ಹೇಳಿದ ಮೇಲೆಯೇ ಕಾಲ್ಮರಿ.

"ಏನ ನೋಡಿದ್ರಿ? ಒಂದs ಹೇಳ್ರಿ ಸಾಕು," ಎಂದು ದಾರಿಗೆ ಅಡ್ಡ ಕೂರುತ್ತಾಳೆ.

ಹೀಗೆ ಕೇಳಲು ಕಾರಣವಿದೆ. ಮಾನವ್ವ ಒಂಟಿಗುಡ್ಡವನ್ನು ಒಮ್ಮೆಯೂ ಹತ್ತಿಲ್ಲ! ರೋಣದ ಕಡೆಯ ಎರೆಹೊಲದ ಬಯಲಿನಲ್ಲಿ ಹುಟ್ಟಿದವಳು, ಗುಡ್ಡವೆಂದರೇನೆಂದು ಕಂಡದ್ದೇ ಹನಮಪ್ಪನ ಕೈ ಹಿಡಿದು ಬಂದ ಮೇಲೆ. ಅತ್ತೆ ಕಲ್ಲವ್ವ ತನ್ನ ಹೆಗಲು ಸೋತಾಗ ಗಳವನ್ನು ಸೊಸೆಯ ಹೆಗಲಿಗಿಟ್ಟು ಒಂದೇ ಮಾತು ಹೇಳಿದಳಂತೆ: "ಕಾಲ್ಮರಿ ಮುಟ್ಟಿದ ದಿನ ಗುಡ್ಡ ಹತ್ತಬಾರದವಾ." ಮುಟ್ಟದ ದಿನ ಹೊಲದಲ್ಲಿ ಕಳೆ, ಮನೆಯಲ್ಲಿ ಒಲೆ. ಕಣ್ಣೆದುರಿಗೇ ಇರುವ ಗುಡ್ಡ ಎಲ್ಲಿಗೆ ಹೋದೀತು ಎಂದು ದಿನ ದೂಡಿದಳು. ಹಿತ್ತಲ ಗಿಡ ಮದ್ದಲ್ಲ, ನೋಡಿ. ಊರ ಹೆಂಗಸರು "ಮಂದಿ ಕಾಲ್ಮರಿ ಹೊರೂದೂ ಒಂದು ಕೆಲಸೇನ?" ಎಂದು ಚುಚ್ಚಿದರೆ ಆಕೆಯ ಉತ್ತರ ಸಿದ್ಧವಿರುತ್ತದೆ: "ನೀವು ಒಂದs ಗುಡ್ಡ ನೋಡೀರಿ. ನಾ ಮಂದಿ ಬಾಯಾಗಿಂದು ಸಾವಿರ ಗುಡ್ಡ ನೋಡೀನಿ."

ಕೇಳಿದ್ದನ್ನು ಕೂಡಿಟ್ಟುಕೊಳ್ಳುವವಳೂ ಅಲ್ಲ. ಮರುದಿನ ಬೇವಿನ ಮರದ ಕೆಳಗೆ ಹೊಸಬರಿಗೆ ಹಂಚಿಬಿಡುತ್ತಾಳೆ. ಮ್ಯಾಲಿನ ಹೊಂಡದ ಬಳಿ ನವಿಲು ಇರ್ತಾವ, ಸದ್ದು ಮಾಡಬ್ಯಾಡ್ರಿ. ಕಾವಲು ಬುರುಜಿನ ಮ್ಯಾಲೆ ನಿಂತರ ನರಗುಂದದ ಗುಡ್ಡ ಕಾಣತೈತಿ. ಎಲ್ಲಕ್ಕಿಂತ ಮುಖ್ಯವಾಗಿ, "ಕಲ್ಲಿನ ಆನಿ ಮರೀಬ್ಯಾಡ್ರಿ. ಸಣ್ಣ ಕಲ್ಲಿನ ಹಳ್ಳು ತಗೊಂಡು ಬಡದ್ರ ಗಂಟಿಗತೆ ಗಣ್ ಅಂತೈತಿ."

ಈ ಆನೆಯನ್ನು ಆಕೆಗೆ ಕೊಟ್ಟವನು ಹೊಳೆಆಲೂರಿನ ಹತ್ತಿ ವ್ಯಾಪಾರಿ ತೋಟಪ್ಪ. ವರ್ಷಗಳ ಹಿಂದೆ ಬಂದಿದ್ದ ಆ ದಢೂತಿ ಮನುಷ್ಯ ಇಳಿದು ಬಂದು, ಏದುಸಿರು ಬಿಡುತ್ತಲೇ ಆನೆಯನ್ನು ಬಣ್ಣಿಸಿ ಕಾಲ್ಮರಿ ಮೆಟ್ಟಿಕೊಂಡು ಹೋದ. ಮಾನವ್ವ ನಂಬಿದಳು. ಗಜೇಂದ್ರಗಡದ ಮಗ್ಗುಲ ಗುಡ್ಡದಲ್ಲಿ ಆನೆ ಇರದೆ ಇನ್ನೇನಿದ್ದೀತು? ಸುಳ್ಳಿಗೆ ಕಾಲಿಲ್ಲ ಅನ್ನುತ್ತಾರೆ. ಇದು ಆನೆಯಾದ್ದರಿಂದ ನಾಲ್ಕು ಕಾಲಿದ್ದವೋ ಏನೋ, ಚೆನ್ನಾಗಿ ನಡೆಯಿತು. ಹೋದವರೆಲ್ಲ ಹುಡುಕಿದರು. ಸಿಗದಿದ್ದವರು, ಉಳಿದವರಿಗೆಲ್ಲ ಸಿಕ್ಕು ತಮಗೊಬ್ಬರಿಗೇ ಸಿಗಲಿಲ್ಲವೆನ್ನಲು ನಾಚಿ, "ನೋಡಿದ್ವಿ, ಭಾಳ ಚಲೋ ಐತಿ" ಅಂದರು. ಒಬ್ಬ ಅದಕ್ಕೆ ಅಂಬಾರಿ ಹೊರಿಸಿದ, ಇನ್ನೊಬ್ಬ ಸೊಂಡಿಲಿನಲ್ಲಿ ತಾವರೆ ಇಟ್ಟ.

ಮಾಘದ ಒಂದು ಸೋಮವಾರ ನರಗುಂದದ ಪ್ರಭುಲಿಂಗಪ್ಪ ಮುದಿ ತಾಯಿ ಚನ್ನವ್ವನನ್ನು ಕರೆದುಕೊಂಡು ಬರುತ್ತಾನೆ. ಎಲ್ಲರೂ ಇಳಿದು ಎಷ್ಟೋ ಹೊತ್ತಾದ ಮೇಲೆ ತಾಯಿ ಮಗ ತೆಂಕಣ ಮೆಟ್ಟಿಲಲ್ಲಿ ಕಾಣಿಸುತ್ತಾರೆ. ಮುದುಕಿಯ ತುಟಿ ಒಣಗಿದೆ, ಮೊಣಕಾಲು ತರಚಿ ರಕ್ತ ಬಂದಿದೆ. ಮಾನವ್ವ ನೀರು ಕೊಟ್ಟು, ರೂಢಿಯಂತೆ ಕೇಳುತ್ತಾಳೆ. ಪ್ರಭುಲಿಂಗಪ್ಪ ಮೀಸೆಯ ಮೇಲೆ ಕೈಯಾಡಿಸಿ, "ಆನಿ ನೋಡಿದ್ವಿ. ನಾನs ಬಡದೆ. ಗಣ್ ಅಂತು," ಅನ್ನುತ್ತಾನೆ.

"ಯಾಕ ಸುಳ್ಳು ಹೇಳ್ತೀಯೋ?" ಚನ್ನವ್ವ ಮಗನ ಮೇಲೆ ರೇಗುತ್ತಾಳೆ. "ಬಂಡೆಗಲ್ಲೆಲ್ಲ ಹುಡುಕಿ ಕಾಲು ಒಡಕೊಂಡೆ. ಆನಿನೂ ಇಲ್ಲ, ಬಾಲಾನೂ ಇಲ್ಲ." ಆಮೇಲೆ ಮಾನವ್ವನ ಕಡೆ ತಿರುಗಿ, ಸಿಟ್ಟಿಲ್ಲದೆ, ನಿಜವಾಗಿ ತಿಳಿಯಬೇಕೆಂಬಂತೆ ಕೇಳುತ್ತಾಳೆ: "ನಿನ್ನ ಮಾತು ನಂಬಿ ಹುಡುಕಿದೆನವಾ. ನೀ ನೋಡೀಯೇನು?"

ನೆರಳಲ್ಲಿ ಕೂತ ನಾಲ್ಕೈದು ಜನ ಇತ್ತ ತಿರುಗುತ್ತಾರೆ.

"ಇಲ್ಲಬೇ," ಅನ್ನುತ್ತಾಳೆ ಮಾನವ್ವ. "ನಾ ಮ್ಯಾಲೆ ಹೋಗೇ ಇಲ್ಲ."

ಯಾರೋ ಕಿಸಕ್ಕನೆ ನಗುತ್ತಾರೆ. ಚನ್ನವ್ವ ನಗುವುದಿಲ್ಲ. ಮಾನವ್ವ ಬಗ್ಗಿ ಮುದುಕಿಯ ಕಾಲಿಗೆ ತಾನೇ ಕಾಲ್ಮರಿ ತೊಡಿಸುತ್ತಾಳೆ. ಅಂದು ಮುಂದಿನ ಸುತ್ತಿನಲ್ಲಿ ಇಳಿದವರನ್ನು ಏನೂ ಕೇಳುವುದಿಲ್ಲ.

ಮುಂದಿನ ದಿನಗಳಲ್ಲಿ ಬೇವಿನ ಮರದ ಕೆಳಗೆ ಆಕೆಯ ಬಾಯಿ ಕಟ್ಟಿಹೋಗುತ್ತದೆ. ಬಂದವರು "ಮ್ಯಾಲೆ ಏನೈತವಾ?" ಎಂದರೆ "ಹೋಗಿ ನೋಡ್ರಿ" ಅಷ್ಟೇ. ಆನೆ ಸುಳ್ಳಾದರೆ ನವಿಲು ಖರೆಯೇ? ಬುರುಜು ಖರೆಯೇ? ಇಷ್ಟು ವರ್ಷ ತಾನು ಹಂಚಿದ್ದು ಎಷ್ಟು ಮಂದಿಯ ಕಾಲು ತರಚಿತೋ ಎಂದು ಸಂಕಟಪಡುತ್ತಾಳೆ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅನ್ನುತ್ತಾರೆ ಹಿರಿಯರು. ಈಕೆ ಕಿವಿಯಾರೆ ಕೇಳಿದ್ದನ್ನೇ ಊರಿಗೆಲ್ಲ ಬಡಿಸಿದವಳು. ಒಂದು ಬೆಳಿಗ್ಗೆ ಗಳ ತಂದು ಗಂಡನ ಮುಂದೆ ಇಡುತ್ತಾಳೆ.

"ಇವತ್ತೊಂದಿನ ನೀ ಹೊರು. ನಾ ಕಾಲ್ಮರಿ ಮುಟ್ಟಾಂಗಿಲ್ಲ."

"ನಾ ಹೊತ್ರ ಮಂದಿ ಏನಂದಾರು?" ಹನಮಪ್ಪ ಗೊಣಗುತ್ತಾನೆ.

"ನನಗ ಏನಂದ್ರೋ ಅದನ್ನ ಅಂತಾರ."

ಹನಮಪ್ಪ ಗಳ ಎತ್ತುತ್ತಾನೆ. ಮಾನವ್ವ ಜಳಕ ಮಾಡಿ ಬಡಗಣ ಮೆಟ್ಟಿಲು ಹತ್ತುತ್ತಾಳೆ. ಲಿಂಗಕ್ಕೆ ಕೈ ಮುಗಿದವಳೇ ಹಳ್ಳು ಹಿಡಿದು ಹೊರಡುತ್ತಾಳೆ. ಸಿಕ್ಕ ಬಂಡೆಗೆಲ್ಲ ಬಡಿದು, ಕಿವಿಯಿಟ್ಟು ಕೇಳುತ್ತಾಳೆ. ಟಪ್ ಅನ್ನುತ್ತದೆ, ಠಕ್ ಅನ್ನುತ್ತದೆ. ಗಣ್ ಅನ್ನುವುದಿಲ್ಲ. ಹೊಂಡದ ಕೆಸರಿನಲ್ಲಿ ನವಿಲಿನ ಹೆಜ್ಜೆ ಇವೆ. ಆಕೆಗೆ ಜೀವ ಬಂದಂತಾಗುತ್ತದೆ. ಬುರುಜು ಹತ್ತಿದರೆ ನರಗುಂದದ ಗುಡ್ಡ ಮಂಜಿನಲ್ಲಿದೆಯೋ ಇಲ್ಲವೋ ಹೇಳಲಾಗದು. ಆನೆ ಮಾತ್ರ ಎಲ್ಲಿಯೂ ಇಲ್ಲ. ಪಡುವಣ ಅಂಚಿಗೆ ಬಂದು ಕೂತು ಕೆಳಗೆ ನೋಡುತ್ತಾಳೆ.

ಕೆಂಪು ನೆಲ, ಒಣಗಿದ ಹುಲ್ಲು, ಜಾಲಿ ಗಿಡ. ಅವುಗಳ ನಡುವೆ ಬೆಳ್ಳಗೆ ಒಂದು ಗೆರೆ ಗುಡ್ಡದ ಬುಡವನ್ನು ಉಡಿದಾರದಂತೆ ಬಳಸಿ ಹೋಗಿದೆ. ಎಲ್ಲಿಯೂ ಕಡಿದಿಲ್ಲ. ಯಾವ ಸರ್ಕಾರ ಮಾಡಿಸಿದ ಹಾದಿಯಪ್ಪಾ ಇದು ಎಂದು ಆಕೆ ಸೋಜಿಗಪಡುತ್ತಾಳೆ. ಅಷ್ಟರಲ್ಲಿ ಗೆರೆಯ ಮೇಲೆ ಇರುವೆಯಷ್ಟು ಒಬ್ಬ ಮನುಷ್ಯ, ಹೆಗಲ ಮೇಲೆ ಗಳ ಹೊತ್ತು, ಒಂದು ಕಾಲ್ಮರಿ ಬೀಳಿಸಿ, ಮತ್ತೆ ಬಗ್ಗಿ ಎತ್ತಿಕೊಂಡು ನಡೆಯುತ್ತಾನೆ. ಹನಮಪ್ಪ! ಗಾಡಿ ಹೋಗದ, ದನ ಹಾಯದ ಆ ಹಾದಿಯಲ್ಲಿ ಇಷ್ಟು ಕಾಲ ನಡೆದವರು ಇಬ್ಬರೇ. ಅತ್ತೆ, ಆಮೇಲೆ ಸೊಸೆ. ಮಾನವ್ವ ಅಲ್ಲೇ ಕೂತು ಅತ್ತುಬಿಡುತ್ತಾಳೆ. ಅತ್ತದ್ದು ಯಾಕೆಂದು ಆಕೆಗೆ ಈಗಲೂ ಸರಿಯಾಗಿ ಹೇಳಲು ಬರುವುದಿಲ್ಲ.

"ಇಷ್ಟು ಮಂದಿ ಹತ್ತಿ ಇಳದ್ರು, ಒಬ್ರೂ ಇದನ್ನ ಹೇಳಲಿಲ್ಲ ನೋಡ್ರಿ," ಅನ್ನುತ್ತಾಳೆ. "ಅವರಿಗೆ ಅದು ಬರೇ ದಾರಿ."

ಈಗ ಮತ್ತೆ ಬಾಯಿ ಬಂದಿದೆ. ಇಳಿದವರ ಸುಂಕವೂ ಮೊದಲಿನಂತೆ ನಡೆದಿದೆ. ಕೇಳಿದ್ದಕ್ಕೆ ಮಾತ್ರ "ಅವರು ಹೇಳ್ತಾರಪಾ, ನಾ ನೋಡಿಲ್ಲ" ಎಂದು ಸೇರಿಸುವ ಅಭ್ಯಾಸ ಮಾಡಿಕೊಂಡಿದ್ದಾಳೆ. ಇನ್ನೊಂದು ಸೋಮವಾರ, ಸೂಡಿಗೆ ಹೊರಟ ಹೊಸ ಚಕ್ಕಡಿಯವರು ಬೇವಿನ ಮರದ ಕೆಳಗೆ ನಿಂತು, ಮೇಲೆ ಕಲ್ಲಿನ ಆನೆ ಇದೆಯಂತಲ್ಲ ಎಂದು ಕೇಳುತ್ತಾರೆ.

"ಆನಿ ಇಲ್ರಿ. ನಾನs ಹೋಗಿ ನೋಡೀನಿ," ಅನ್ನುತ್ತಾಳೆ ಮಾನವ್ವ, ಜೋಡಿಗಳನ್ನು ಹಗ್ಗಕ್ಕೆ ಪೋಣಿಸುತ್ತ. "ಪಡುವಣ ಅಂಚಿಗೆ ನಿಂತು ಕೆಳಗ ನೋಡ್ರಿ. ಒಂದು ಬಿಳಿ ಹಾದಿ ಕಾಣತೈತಿ. ಅದು ನಮ್ಮತ್ತಿದು, ನಂದು."