ಅಣ್ಣನ ತುಂಬುತೋಳಿನ ಅಂಗಿ

ನಮ್ಮಣ್ಣ ಎಂಥ ಬಿರುಬೇಸಿಗೆಯಲ್ಲೂ ತುಂಬುತೋಳಿನ ಅಂಗಿಯನ್ನೇ ತೊಡುತ್ತಾನೆ, ಮುಂಗೈ ಗುಂಡಿ ಹಾಕಿಕೊಂಡು. ಸ್ಕಿಜೋಫ್ರೇನಿಯಾ ಎಂಬ ಮನಸ್ಸಿನ ಜಡ್ಡು ಶುರುವಾದ ಹೊಸತರಲ್ಲಿ, ಯಾರೋ ಬಂದು ತನ್ನ ರಕ್ತ ಕದಿಯುತ್ತಾರೆಂದು ಕಿವಿಯೊಳಗೆ ದನಿಗಳು ಹೇಳುತ್ತವೆ ಎನ್ನುತ್ತ ತೋಳು ಮುಚ್ಚಿಕೊಳ್ಳುತ್ತಿದ್ದ. ಗುಳಿಗೆಗಳಿಂದ ಆ ದನಿಗಳು ಹೋದವು. ಈಗ ನಮ್ಮೂರು ತಂಬೂರಿನಲ್ಲಿ ಹೊಲದ ಗೋವಿನಜೋಳವನ್ನೆಲ್ಲ ಅವನೇ ನೋಡಿಕೊಳ್ಳುತ್ತಾನೆ. ರಕ್ತದ ಅಂಜಿಕೆ ಮಾತ್ರ ಹೋಗಲಿಲ್ಲ. ಸೂಜಿ ಕಂಡರೆ ದವಾಖಾನೆಯಿಂದ ಎದ್ದು ಬಂದುಬಿಡುತ್ತಿದ್ದ.

ಹೋದ ವರ್ಷ ಗುಳಿಗೆ ತರಲು ಧಾರವಾಡಕ್ಕೆ ಹೋದಾಗ ಡಾಕ್ಟರ್ ಮೇಡಂ ಒಂದು ಮಾತು ಕೇಳಿದರು. ಸಂಶೋಧನೆಗೆ ರಕ್ತ ಬೇಕಿತ್ತಂತೆ: ಅವನದೂ, ಜಡ್ಡಿಲ್ಲದ ಒಡಹುಟ್ಟಿದವಳೆಂದು ನನ್ನದೂ.

“ಒಲಿ ಉರಿಯೂಮುಂದ ಕಿಡಿ ಹಾರತಾವಲ್ಲರಿ, ಹಂಗ ಮೈಯಾಗೂ ಏಳತಾವು. ಅವನ್ನ ಆರಸೂ ಆಂಟಿಆಕ್ಸಿಡೆಂಟ್ ಮೈಯಾಗನ ಇರತಾವು. ಈ ಜಡ್ಡಿನವರೊಳಗ ಕೆಲವರಿಗೆ ಅವು ಕಡಿಮಿ ಇರಬಹುದೇನೋ ಅಂತ ನೋಡಾಕತ್ತೀವಿ.”

ಆಂಟಿಆಕ್ಸಿಡೆಂಟ್ ಹಣ್ಣುಗಳಲ್ಲಿರುತ್ತದೆ ಎಂದು ನಾನು ಮೊಬೈಲಿನಲ್ಲಿ ಓದಿದ್ದೆ. ಸುಮ್ಮನಿರುವವಳೇ ನಾನು? “ಹಂಗಾರ ನೆಲ್ಲಿಕಾಯಿ, ಪೇರಲಹಣ್ಣು ತಿನ್ನಿಸಿ ಗುಳಿಗಿ ಬಿಡಸಬಹುದೇನ್ರಿ?” ಎಂದೆ.

“ಗುಳಿಗಿ ಬಿಟ್ಟೀರಿ ಮತ್ತ! ಹಣ್ಣೂ ತಿನ್ಲಿ, ಗುಳಿಗೀನೂ ನುಂಗಲಿ. ಇದಿನ್ನೂ ಹುಡುಕಾಟದಾಗ ಐತ್ರಿ. ರಕ್ತ ಕೊಟ್ಟರ ಇವರಿಗೇನೂ ಲಾಭ ಇಲ್ಲ. ಬ್ಯಾಡಂದ್ರೂ ನಡೀತೈತಿ.”

“ನಡಿ ಅಣ್ಣಾ, ಹೋಗೂಣು,” ಎಂದು ನಾನು ಚೀಲ ಎತ್ತಿಕೊಂಡೆ. ಅವನು ಏಳಲಿಲ್ಲ.

“ನನಗಲ್ಲಂದ್ರ ಮತ್ತ್ಯಾರಿಗರ ಆಗತೈತೇನ್ರಿ?” ಎಂದು ಕೇಳಿದ.

“ಮುಂದ ಯಾರಿಗರ ಆಗಬಹುದು. ಖಾತ್ರಿ ಹೇಳಾಕ ಬರೂದಿಲ್ಲ.”

ಅವನು ಮುಂಗೈ ಗುಂಡಿ ಮುಟ್ಟಿ ನೋಡಿಕೊಂಡ. ಆಮೇಲೆ “ಕೊಡಾಕ ಬರತೀನ್ರಿ,” ಎಂದ.

ಮರುವಾರ ಹಸಿದ ಹೊಟ್ಟೆಯಲ್ಲೇ ಮೊದಲ ಬಸ್ಸು ಹಿಡಿದೆವು. ದವಾಖಾನೆಯಲ್ಲಿ, ದಿನಕ್ಕೆ ಎಷ್ಟು ಬೀಡಿ ಸೇದುತ್ತೀರಿ ಎಂದು ನರ್ಸ್ ಅಣ್ಣನನ್ನು ಕೇಳಿದರು. ನನ್ನ ಮುಂದೆ ಸದಾ ಎರಡೇ ಎನ್ನುತ್ತಿದ್ದವನು “ಹದಿನೈದ್ರಿ,” ಎಂದ. ನಾನು ಕಣ್ಣು ಕೆಕ್ಕರಿಸಿದೆ.

“ಇಲ್ಲಿ ಸುಳ್ಳು ಹೇಳಿದ್ರ ಅವರ ಕೆಲಸ ಕೆಡತೈತಿ ತಂಗಿ,” ಎಂದ.

ಮೊದಲು ನನ್ನ ಸರದಿ. ಊರಲ್ಲಿ ನನ್ನ ಬಾಯಿಗೆ ಅಂಜದವರಿಲ್ಲ; ಸೂಜಿ ಚುಚ್ಚಿದ್ದೇ ತಡ, ಕಣ್ಣಿಗೆ ಕತ್ತಲು ಬಂದು ಬಿದ್ದೆ. ಎಚ್ಚರಾದಾಗ ಅಣ್ಣ ಕಾಗದದಿಂದ ಗಾಳಿ ಹಾಕುತ್ತಿದ್ದ. “ಜಡ್ಡಿಲ್ಲದಾಕಿ ಇಕಿನ ಅಂತ ಬರದೀರಲ್ಲರಿ? ಇನ್ನೊಮ್ಮೆ ನೋಡ್ರಿ,” ಎಂದು ನರ್ಸಿಗೆ ಹೇಳಿದ.

ಆಮೇಲೆ ಅವನು ಕುರ್ಚಿಯಲ್ಲಿ ಕೂತು, ತಾನೇ ಗುಂಡಿ ಬಿಚ್ಚಿ ತೋಳು ಮಡಚಿದ. ಎಷ್ಟೋ ವರ್ಷ ಬಿಸಿಲು ಕಾಣದ ಕೈ ಬೆಳ್ಳಗಿತ್ತು. ಹಣೆಯಿಂದ ಬೆವರು ಇಳಿಯುತ್ತಿತ್ತು, ಹಲ್ಲು ಕಚ್ಚಿದ್ದ, ಕೈ ಮಾತ್ರ ಹಿಂದೆಗೆಯಲಿಲ್ಲ. ನಾಲ್ಕು ಸಣ್ಣ ಶೀಶೆ ತುಂಬುವವರೆಗೂ ನೋಡುತ್ತಲೇ ಕೂತ. ಇಂಥ ಗಟ್ಟಿಗ ನಮ್ಮ ಮನೆತನದಲ್ಲಿ ಇನ್ನೊಬ್ಬನಿಲ್ಲ, ಬೇಕಾದರೆ ಬರೆದುಕೊಡುತ್ತೇನೆ.

ಮನೆಗೆ ಬಂದರೆ ಅವ್ವ ಬಾಗಿಲಲ್ಲೇ ನಿಂತಿದ್ದಳು. ಅಣ್ಣನ ಅಂಗಿಯ ಮಡಚಿದ ತೋಳು, ಕೈಗೆ ಅಂಟಿಸಿದ ಹತ್ತಿ ಕಂಡು ಎದೆ ಹಿಡಿದುಕೊಂಡಳು. “ಅಯ್ಯ ಶಿವನ! ರಕ್ತ ತಗೊಂಡ್ರೇನೋ?”

“ಅವರು ತಗೊಳ್ಳಿಲ್ಲ ಬೇ ಯವ್ವಾ,” ಎಂದ ಅಣ್ಣ. “ನಾನ ಕೊಟ್ಟೆ.”